ನಿಚ್ಚಣಿಕೆ ತೆಗೆದಿಟ್ಟವರು

ನೆರೆಮನೆಯ ಗಂಗವ್ವ ಮೊನ್ನೆ ಬೆಳಿಗ್ಗೆ ನಾಲ್ಕು ಬದನೆಕಾಯಿ ಹಿಡಿದುಕೊಂಡು ಬಂದವಳು ನಮ್ಮ ಹಿತ್ತಲ ಗೋಡೆಗೆ ಒರಗಿದ್ದ ಹಳೆಯ ನಿಚ್ಚಣಿಕೆಯನ್ನು ನೋಡಿ ನಿಂತಳು.

"ಅಕ್ಕೋರ, ಇದನ್ನ ಇಟಗೊಂಡ ಏನ್ ಮಾಡ್ತೀರಿ? ಮೂರು ಮೆಟ್ಟಲ ಮುರದಾವ. ನನಗರ ಕೊಡ್ರಿ, ನೀರೊಲಿಗೆ ನಾಕ ದಿನಾ ಆಕ್ಕೇತಿ."

"ಕೊಡೂದಿಲ್ಲ" ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುವಂಥದ್ದು. "ಇನ್ನೊಮ್ಮಿ ಇದರ ಸುದ್ದಿಗೆ ಬಂದ್ರ ನೋಡ ಮತ್ತ!" ಎಂದು ಚೀರಿಯೇಬಿಟ್ಟೆ. ಗಂಗವ್ವ ಬದನೆಕಾಯಿಗಳನ್ನು ಕಟ್ಟೆಯ ಮೇಲಿಟ್ಟು, "ಕಟಗಿ ಕೇಳೇನ್ರಿ ನಾ, ನಿಮ್ಮ ಬಂಗಾರ ಕೇಳಿಲ್ಲ" ಎಂದು ಸೆರಗು ಝಾಡಿಸಿ ಹೋದಳು. ಪಾಪ, ಅವಳ ತಪ್ಪೇನೂ ಇಲ್ಲ. ಹೋಗಿ ಸಮಾಧಾನ ಮಾಡಬೇಕು. ಆದರೆ ಆ ಸಿಟ್ಟು ಅವಳ ಮೇಲಿನದಲ್ಲ ಎಂಬುದನ್ನು ಮೊದಲು ನಿಮಗಾದರೂ ಹೇಳಿಬಿಡುತ್ತೇನೆ.

ನನಗೊಂದು ಚಟವಿದೆ. ವಿಮಾನದ ಸದ್ದು ಕೇಳಿದರೆ ಕೂತಲ್ಲಿ ಕೂರುವವಳಲ್ಲ ನಾನು. ರೊಟ್ಟಿ ಬಡಿಯುತ್ತಿದ್ದರೆ ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಓಡುತ್ತೇನೆ. ತವೆಯ ಮೇಲಿನ ರೊಟ್ಟಿ ಎಷ್ಟು ಸಲ ಕರಕಲಾಗಿದೆಯೋ ಲೆಕ್ಕವಿಟ್ಟಿಲ್ಲ. ಕಬ್ಬೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತ ಇಪ್ಪತ್ತೆರಡು ವರ್ಷವಾಯಿತು. ಅಲ್ಲಿಯೂ ಅಷ್ಟೇ. ಸದ್ದು ಬಂದರೆ ಮಕ್ಕಳು ಆಕಾಶ ನೋಡುವುದು ಬಿಟ್ಟು ನನ್ನ ಮುಖ ನೋಡುತ್ತಾರೆ. ಅಕ್ಕೋರು ಸೀಮೆಸುಣ್ಣ ಇಟ್ಟು ಕಿಟಕಿಗೆ ಹೋಗುವುದು ಖಾತ್ರಿ ಎಂದು ಅವರಿಗೆ ಗೊತ್ತು. ಒಮ್ಮೆ ಇನ್‌ಸ್ಪೆಕ್ಷನ್‌ಗೆ ಬಂದ ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತಿದ್ದಾಗಲೂ ಹೋದೆ. "ಶಿಕ್ಷಕಿಯ ಗಮನ ಪಾಠದ ಮೇಲೆ ಸಾಲದು" ಎಂದು ಅವರು ಷರಾ ಬರೆದರು. ಬರೆದದ್ದು ಸುಳ್ಳಲ್ಲ, ಬಿಡಿ. ಇಷ್ಟೆಲ್ಲ ಹಾರಾಡುವ ನಾನು ಐವತ್ತೇಳು ತುಂಬಿದರೂ ವಿಮಾನ ಹತ್ತಿಲ್ಲ. ಬೆಳಗಾವಿಯಲ್ಲೂ ಇಳಿಯುತ್ತದೆ, ಕೊಲ್ಲಾಪುರದಲ್ಲೂ ಇಳಿಯುತ್ತದೆ. ನಾನು ಮಾತ್ರ ಎರಡೂ ಊರಿಗೆ ಕೆಂಪು ಬಸ್ಸಿನಲ್ಲಿ, ಮೊಣಕಾಲು ಹಿಡಿದುಕೊಂಡು ಹೋಗಿ ಬಂದವಳು.

ಈ ಚಟ ಅಂಟಿದ್ದು ಯಡೂರಿನಲ್ಲಿ, ನಮ್ಮ ಮನೆಯ ಮಣ್ಣಿನ ಮಾಳಿಗೆಯ ಮೇಲೆ. ವೀರಭದ್ರನ ದರ್ಶನಕ್ಕೆಂದು ಬಂದ ಬೀಗರೆಲ್ಲ ಊಟಕ್ಕೆ ನಮ್ಮ ಮನೆಗೇ ಬರುತ್ತಿದ್ದರು. ಹೀಗಾಗಿ ಅವ್ವ ಬೇಸಿಗೆ ಬಂತೆಂದರೆ ಎರಡು ಲಗ್ನಕ್ಕಾಗುವಷ್ಟು ಹಪ್ಪಳ ಸಂಡಿಗೆ ಮಾಡಿ ಮಾಳಿಗೆಯ ಮೇಲೆ ಹಳೆಯ ಧೋತರ ಹಾಸಿ ಒಣಹಾಕುತ್ತಿದ್ದಳು. ಕಾಗೆ ಕಾಯುವ ನೌಕರಿ ನನ್ನದು. ತಲೆಯ ಮೇಲೆ ಅಪ್ಪನ ಟವೆಲ್ಲು, ಕೈಯಲ್ಲಿ ಕೋಲು, ಬಾಯಲ್ಲಿ ಅರ್ಧ ಒಣಗಿದ ಸಂಡಿಗೆ. ಕಾಗೆ ತಿಂದದ್ದಕ್ಕಿಂತ ನಾನು ತಿಂದದ್ದೇ ಹೆಚ್ಚು, ಅವ್ವನಿಗೂ ಅದು ಗೊತ್ತಿತ್ತು. ಅಂಗಾತ ಮಲಗಿದರೆ ಊಟದ ಹೊತ್ತಿಗೆ ಸರಿಯಾಗಿ ಒಂದು ವಿಮಾನ ಹೊಳೆ ದಾಟಿ ಮೀರಜಿನ ಕಡೆಗೆ ಹೋಗುತ್ತಿತ್ತು, ಹಿಂದೆ ಬೆಳ್ಳನೆಯ ಗೆರೆ ಬಿಡುತ್ತ. ನಾನು ಕೋಲನ್ನು ಎರಡು ಕೈಯಲ್ಲಿ ಹಿಡಿದು ಆ ವಿಮಾನವನ್ನು ನಡೆಸುತ್ತಿದ್ದೆ. ನಾನು ಎಡಕ್ಕೆ ತಿರುಗಿಸಿದರೂ ಅದು ಸೀದಾ ಹೋಗುತ್ತಿತ್ತು. ಆದರೂ ನಡೆಸುತ್ತಿರುವವಳು ನಾನೇ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಹನ್ನೆರಡನೆಯ ವರ್ಷದಲ್ಲಿ ನಾನು ದೊಡ್ಡವಳಾದೆ. ಆರತಿ ಮಾಡಿದರು, ಹೊಸ ಖಣದ ಕುಪ್ಪಸ ತೊಡಿಸಿದರು, ಕೊಬ್ಬರಿ ಬೆಲ್ಲ ತಿನ್ನಿಸಿದರು. ಎಲ್ಲ ಮುಗಿದ ಮರುದಿನ ನಾನು ಎಂದಿನಂತೆ ಕೋಲು ಹಿಡಿದು ಹಿತ್ತಲಿಗೆ ಹೋದೆ. ಅವ್ವ ನನ್ನ ಕಣ್ಣೆದುರಿಗೇ ನಿಚ್ಚಣಿಕೆಯನ್ನು ಗೋಡೆಯಿಂದ ಇಳಿಸಿ, ದರದರ ಎಳೆದುಕೊಂಡು ಹೋಗಿ ದನದ ಕೊಟ್ಟಿಗೆಯ ಮೂಲೆಯಲ್ಲಿ ಅಡ್ಡ ಹಾಕಿದಳು.

"ಇನ್ನ ಮಾಳಗಿ ಏರೂದ ಬಂದ್. ದೊಡ್ಡ ಹುಡಗಿ ಏರಿದ್ರ ಸಂಡಗಿ ಕೆಂಪಾಕ್ಕಾವ."

"ಆ ನಾಕ ದಿನಾ ಏರಂಗಿಲ್ಲ ಬೇ ಅವ್ವಾ. ಉಳದ ದಿನಾ ಏರ್ತೇನಿ."

"ಯಾವ ನಾಕ ದಿನಾ ಅಂತ ಓಣಿ ಮಂದಿಗೆ ಗೊತ್ತಾಕ್ಕೇತೇನ? ಮೂವತ್ತೂ ದಿನಾ ಬ್ಯಾಡ."

ಇದು ಅವ್ವನ ಗಣಿತ. ಚೀರಿದೆ, ಕಾಲು ಬಡಿದೆ, ಎರಡು ದಿನ ಉಣ್ಣಲಿಲ್ಲ. ಕೋಲು ನನ್ನ ತಮ್ಮನ ಕೈಗೆ ಹೋಯಿತು. ಅವನು ಮಾಳಿಗೆಯ ಮೇಲೆ ಟವೆಲ್ಲು ಹೊದ್ದು ನಿದ್ದೆ ಹೊಡೆದ, ಆ ವರ್ಷದ ಅರ್ಧ ಸಂಡಿಗೆ ಕಾಗೆಯ ಪಾಲಾಯಿತು. ಉಳಿದ ಅರ್ಧ ಹೇಗೂ ಕೆಂಪಾಗಿಯೇ ಇತ್ತು, ಅವ್ವ ಖಾರಪುಡಿ ಜಾಸ್ತಿ ಹಾಕಿದ್ದಳು. ಆ ಕೆಂಪಿಗೆ ಯಾರನ್ನು ಹೊಣೆ ಮಾಡಬೇಕೆಂದು ಕೇಳಿ ಬೆನ್ನಿಗೆ ಎರಡು ತಿಂದೆ.

ಅದಾದ ಮೇಲೆ ಒಂದೇ ಒಂದು ಸಲ ನಾನು ಮಾಳಿಗೆ ಏರಿದ್ದು, ಕೃಷ್ಣೆ ಊರೊಳಗೆ ನುಗ್ಗಿದ ಮಳೆಗಾಲದಲ್ಲಿ. ಅಂಗಳಕ್ಕೆ ನೀರು ಬಂತು, ಕಟ್ಟೆಗೆ ಬಂತು, ಹೊಸ್ತಿಲು ದಾಟಿತು. ಅದೇ ಅವ್ವ ಸೀರೆ ಎತ್ತಿ ಕಟ್ಟಿ ಕೊಟ್ಟಿಗೆಯ ನೀರಿನಲ್ಲಿ ಇಳಿದು, ಅದೇ ನಿಚ್ಚಣಿಕೆ ತಂದು ಗೋಡೆಗೆ ಹಚ್ಚಿ, "ಏರ ಲಗೂ! ಏರಲೇ!" ಎಂದು ನನ್ನನ್ನು ಹಿಂದಿನಿಂದ ನೂಕಿದಳು. ಆ ದಿನ ನನಗೆ ನಾಲ್ಕು ದಿನದ ಲೆಕ್ಕದಲ್ಲಿ ಎರಡನೆಯ ದಿನ. ಅವ್ವನಿಗೂ ಗೊತ್ತಿತ್ತು. ಜೀವಕ್ಕೆ ಬಂದಾಗ ಮೈಲಿಗೆ ತಾನೇ ಈಜಿಕೊಂಡು ಊರು ದಾಟಿ ಹೋಯಿತು, ನೋಡಿ. ಮರುದಿನ ಹೆಲಿಕಾಪ್ಟರ್ ಬಂತು. ಅದರ ಗಾಳಿಗೆ ನಮ್ಮ ಕೌದಿಗಳು ಹಾರಿ ಹೊಳೆ ಪಾಲಾದವು, ಮೇಲಿನಿಂದ ರೊಟ್ಟಿಯ ಪೊಟ್ಟಣಗಳು ಬಿದ್ದವು. ಎಲ್ಲರೂ ಪೊಟ್ಟಣಕ್ಕೆ ಮುಗಿಬಿದ್ದರೆ ನಾನು ಬಾಯಿ ತೆರೆದು ಮೇಲೆ ನೋಡುತ್ತಿದ್ದೆ. ಗಾಜಿನ ಹಿಂದೆ ಒಂದು ದುಂಡನೆಯ ತಲೆ, ಕಪ್ಪು ಕನ್ನಡಕ.

"ಅವ್ವಾ, ಅದನ್ನ ನಡಸಾವ್ರು ಹೆಣ್ಮಕ್ಕಳೂ ಇರತಾರೇನ?"

"ಮದಲ ರೊಟ್ಟಿ ಪುಡಕಿ ಆರಿಸ್ಕೋ" ಎಂದಳು ಅವ್ವ. ನೀರು ಇಳಿಯಿತು, ನಿಚ್ಚಣಿಕೆ ಮತ್ತೆ ಕೊಟ್ಟಿಗೆಯ ಮೂಲೆ ಸೇರಿತು. ಅವ್ವ ತೀರಿಕೊಂಡ ಮೇಲೆ ಮನೆಯ ಸಾಮಾನು ಹಂಚುವಾಗ ಉಳಿದವರು ಹಿತ್ತಾಳೆಯ ಕೊಡ, ತಾಮ್ರದ ಹಂಡೆ ಎಂದು ಹೊಂದಿಸಿಕೊಂಡರು. ನಾನು ಈ ನಿಚ್ಚಣಿಕೆಯನ್ನು ಟೆಂಪೋದ ಮೇಲೆ ಕಟ್ಟಿಸಿಕೊಂಡು ಬಂದೆ. ಅವ್ವನ ಪ್ರೀತಿಗಲ್ಲ, ಅವಳ ಮೇಲಿನ ಸಿಟ್ಟಿಗೆ. ಅದೊಂದು ಸಾಕ್ಷಿ ಇರಲಿ ಎಂದು.

ಈಗ ಹೋದ ಚಳಿಗಾಲಕ್ಕೆ ಬರುತ್ತೇನೆ. ಅಲಖನೂರಿನ ಕಬ್ಬು ಬೆಳೆಯುವವರ ಮಗಳು ಸುಪ್ರಿಯಾ ಎಂಬವಳು ಕಬ್ಬೂರಿನ ಚಿಕ್ಕಮ್ಮನ ಮನೆಗೆ ಬಂದಿದ್ದಾಳೆ, ಅವಳು ವಿಮಾನ ನಡೆಸುವುದನ್ನು ಕಲಿತು ಲೈಸೆನ್ಸ್ ತೆಗೆದವಳು ಎಂದು ಸುದ್ದಿ ಸಿಕ್ಕಿತು. ನನಗೆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹೋಗಿ ಅವಳ ಕೈ ಹಿಡಿದು, "ನಮ್ಮ ಹುಡಗ್ಯಾರಿಗೆ ಒಂದ ತಾಸು ಬಾರವಾ" ಎಂದು ಕರೆದೆ. ಇಪ್ಪತ್ತೈದರ ತೆಳ್ಳನೆಯ ಹುಡುಗಿ. ಅವಳು ಹೂಂ ಎಂದಳು. ಕೆಟ್ಟದ್ದು ಎಲ್ಲಿ ಎಂದರೆ, ಈ ಸುದ್ದಿ ನಮ್ಮ ಶಾಲೆಯ ಕಮಿಟಿಯವರ ಕಿವಿಗೂ ಬಿತ್ತು.

ಒಂದು ತಾಸಿನ ಮಾತುಕತೆ ಸತ್ಕಾರ ಸಮಾರಂಭವಾಯಿತು. ಪೆಂಡಾಲು ಬಂತು, ಮೈಕು ಬಂತು, ಫೇಟಾ ಕಟ್ಟಿಕೊಂಡ ಆರು ಜನ ಹಿರಿಯರು ವೇದಿಕೆ ತುಂಬ ಕೂತರು. ಅಧ್ಯಕ್ಷರು ಸ್ತ್ರೀ ಎಂದರೆ ತಾಯಿ, ಸ್ತ್ರೀ ಎಂದರೆ ಭೂಮಿ ಎಂದು ಮುಕ್ಕಾಲು ತಾಸು ಮಾತಾಡಿದರು. ಆಕಾಶದಲ್ಲಿ ಹಾರುವವಳನ್ನು ಕರೆತಂದು ಎದುರಿಗೆ ಕೂರಿಸಿಕೊಂಡು ಭೂಮಿ ಭೂಮಿ ಎನ್ನುವುದಕ್ಕೆ ಎಷ್ಟು ಧೈರ್ಯ ಬೇಕು! ಅವಳಿಗೆ ಕೊಟ್ಟದ್ದು ಒಂದು ಖಣ, ಒಂದು ತೆಂಗಿನಕಾಯಿ, ಒಂದು ಆರತಿ ತಟ್ಟೆ. ಕೊನೆಗೆ ಮೈಕು ಅವಳ ಕೈಗೆ ಕೊಡುವ ಮುನ್ನ ಅಧ್ಯಕ್ಷರು ನಗುತ್ತ ಕೇಳಿದರು: "ಎಲ್ಲಾ ಖರೇವಾ, ಲಗ್ನ ಯಾವಾಗ?"

ಪೆಂಡಾಲಿಗೆ ಪೆಂಡಾಲೇ ನಕ್ಕಿತು. ನನ್ನ ಕೈಯಲ್ಲಿ ಸೀಮೆಸುಣ್ಣ ಇರಲಿಲ್ಲ, ಅದು ಅವರ ಪುಣ್ಯ. ಸುಪ್ರಿಯಾ ಮಾತ್ರ ಶಾಂತವಾಗಿ, "ಇಲ್ಲಿಂದ ಎದ್ದ ಹೋದ ಮ್ಯಾಲ ವಿಚಾರ ಮಾಡ್ತೇನ್ರಿ" ಎಂದಳು. ಇನ್ನೊಬ್ಬರು, "ಅಷ್ಟ ಮ್ಯಾಲ ಅಂಜಿಕಿ ಬರೂದಿಲ್ಲೇನ?" ಎಂದರು. "ಚಿಕ್ಕೋಡಿ ರೋಡಿನ್ಯಾಗ ಕಬ್ಬಿನ ಟ್ರ್ಯಾಕ್ಟರ್ ಹಿಂದ ಸ್ಕೂಟಿ ಹೊಡಿಯೂಮುಂದ ಬರೂ ಅಷ್ಟ ಅಂಜಿಕಿ ಅಲ್ಲಿ ಬರೂದಿಲ್ರಿ." ಹುಡುಗಿಯರು ಸಿಳ್ಳೆ ಹೊಡೆಯುವುದೊಂದು ಬಾಕಿ.

ಹುಡುಗಿಯರಿಗೆಂದು ಉಳಿದದ್ದು ಊಟದ ಗಂಟೆಗೆ ಮುಂಚಿನ ಐದು ನಿಮಿಷ. ಹತ್ತನೆಯ ತರಗತಿಯ ಸಬೀನಾ ಎದ್ದಳು. ಪಂಪ್‌ಸೆಟ್ಟಿನ ಮೋಟಾರು ಸುತ್ತುವ ಬಾಬಾಲಾಲನ ಮಗಳು. ಮಾತು ಕಡಿಮೆ, ಲೆಕ್ಕ ಚುರುಕು.

"ಮ್ಯಾಲಿಂದ ನೋಡಿದ್ರ ನಮ್ಮೂರ ಗುರ್ತ ಸಿಗತೈತೇನ್ರಿ ಅಕ್ಕಾ?"

"ಊರ ಗುರ್ತ ಸಿಗೂದಿಲ್ಲ. ಕೃಷ್ಣಾ ಹೊಳಿ ಸಿಗತೈತಿ. ಹೊಳಿ ಹಿಡಕೊಂಡ ಊರ ಹುಡಕೂದು."

"ನಾ ಅಲ್ಲಿ ಬರಬೇಕಂದ್ರ ಏನ್ ಓದಬೇಕ್ರಿ?"

"ಪಿಯುಸಿಗೆ ಫಿಜಿಕ್ಸ್, ಮ್ಯಾಥ್ಸ್. ಇವೆರಡ ಇಲ್ಲಂದ್ರ ಬಾಗಲಾನ ತಗಿಯೂದಿಲ್ಲ. ಮುಂದಿನ ತ್ರಾಸ ಭಾಳ ಅದಾವ, ಅವನ್ನ ಆಮ್ಯಾಲ ನೋಡೂಣು. ಮದಲ ಇವೆರಡ ಹಿಡಿ."

ಸಬೀನಾಳ ಹತ್ತಿರ ಕಾಗದವಿರಲಿಲ್ಲ. ಪೆನ್ನು ತೆಗೆದು ಅಂಗೈ ಮೇಲೆ ಎರಡೂ ವಿಷಯ ಬರೆದುಕೊಂಡಳು. ನಾನು ಜೋರಾಗಿ ಚಪ್ಪಾಳೆ ತಟ್ಟಿದೆ. ಆ ಸಂಜೆ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ, ಬಾಕಿಯಿದ್ದ ಕಾಗದಪತ್ರ ಮುಗಿಸುತ್ತ, ಕಮಿಟಿಯ ಆರೂ ಜನರನ್ನು ಹೆಸರು ಹಿಡಿದು ಬೈದೆ. ಹೆಣ್ಣುಮಕ್ಕಳ ದಾರಿಗೆ ಅಡ್ಡ ನಿಂತವರು ಇವರೇ ಎಂದು ಎಷ್ಟು ಜೋರಾಗಿ ಹೇಳಿದೆನೆಂದರೆ ಜವಾನ ಬಂದು ಕಿಟಕಿ ಮುಚ್ಚಿದ.

ಪರೀಕ್ಷೆ ಮುಗಿಯಿತು, ಫಲಿತಾಂಶ ಬಂತು, ಗಣಿತ ವಿಜ್ಞಾನ ಎರಡರಲ್ಲೂ ಸಬೀನಾ ಶಾಲೆಗೇ ಮೊದಲು. ಕಾಲೇಜು ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ಮನೆಗೆ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಪ್ರವೇಶದ ಚೀಟಿ.

"ಆರ್ಟ್ಸ್ ಹಾಕ್ಯಾರ್ರಿ ಅಕ್ಕೋರ."

"ಯಾರ ಹಾಕಿದ್ರು?"

"ಗೊತ್ತಿಲ್ರಿ" ಎಂದು ನೆಲ ನೋಡಿದಳು. ಇವತ್ತು ಸಂಜೆಯೊಳಗೆ ಬದಲಾಗದಿದ್ದರೆ ವಿಜ್ಞಾನದ ಪಟ್ಟಿ ಮುಚ್ಚುತ್ತದೆ ಎಂದಳು.

ನನಗೆ ಗೊತ್ತಾಗದೆ ಇರುತ್ತದೆಯೇ? ಅಪ್ಪನದೇ ಕೆಲಸ! ಟೋಪಿ, ಗಡ್ಡ, ಮನೆ ತುಂಬ ಜನ, ಹಿರಿಯ ಮಗಳನ್ನು ಲಗೂ ಲಗ್ನ ಮಾಡಿ ನಿಪ್ಪಾಣಿಗೆ ಕೊಟ್ಟವನು. ತೀರ್ಪು ಬರೆದುಕೊಂಡೇ ಚಪ್ಪಲಿ ಮೆಟ್ಟಿದೆ. ದಾರಿಯುದ್ದಕ್ಕೂ ಭಾಷಣ ತಯಾರಿಸಿದೆ. ಬಾಬಾಲಾಲ ಅಂಗಡಿಯ ಮುಂದೆ ತಾಮ್ರದ ತಂತಿ ಬಿಡಿಸುತ್ತ ಕೂತಿದ್ದ. ನಾನು ಭಾಷಣದ ಮೊದಲರ್ಧ ಒಂದೇ ಉಸಿರಿಗೆ ಮುಗಿಸಿದೆ. ಅವನು ತಂತಿ ಕೆಳಗಿಟ್ಟು ಎದ್ದು ನಿಂತ.

"ಅಕ್ಕೋರ, ಕುಂದರ್ರಿ ಮದಲ. ನಾ ಯಾವಾಗ ಬ್ಯಾಡ ಅಂದೇನ್ರಿ? ಅರ್ಜಿ ಮ್ಯಾಲ ಸೈನ್ಸ್ ಅಂತ ಆಕೀನ ಬರದಾಳ, ನಾ ಸಹೀ ಮಾಡೇನಿ. ಈಕಿ ಮೋಟಾರ ಸುತ್ತಿದ್ರ ನನಕಿಂತ ಚಲೋ ಸುತ್ತತಾಳ, ಒಂದ ಸುತ್ತೂ ಎಣಿಕಿ ತಪ್ಪಂಗಿಲ್ಲ. ಅಂಥಾಕಿಗೆ ಆರ್ಟ್ಸ್ ಯಾಕ ಹಚ್ಚಲಿ? ಇಮಾನಾ ಅಂದ್ರೂ ಅದ್ರಾಗೂ ಒಂದ ಮೋಟಾರ ಇರತೈತಲ್ರಿ."

ಭಾಷಣದ ಉಳಿದರ್ಧ ನುಂಗಿಕೊಂಡೆ. ನಾಚಿಕೆಯಾಯಿತು. ಆದರೆ ನನ್ನ ಸಿಟ್ಟಿಗೆ ನಾಚಿಕೆಗಿಂತ ವೇಗ ಜಾಸ್ತಿ; ಅದು ಆಗಲೇ ಬಾಬಾಲಾಲನನ್ನು ಬಿಟ್ಟು ಚಿಕ್ಕೋಡಿಯ ಕಾಲೇಜಿನ ಕಡೆ ತಿರುಗಿತ್ತು. ಸಬೀನಾಳನ್ನು ಕರೆದುಕೊಂಡು ಬಸ್ಸು ಹತ್ತಿದೆ.

ಕಾಲೇಜಿನ ಕಾರಕೂನರು ನಡುವಯಸ್ಸಿನ ಸೌಮ್ಯ ಮನುಷ್ಯ. ನಾನು ಅವರ ಮೇಜು ಗುದ್ದಿದೆ. ಹುಡುಗಿ ಎಂದು ತಾನೇ ಬದಲಿಸಿದಿರಿ, ನಿಮಗೆ ಯಾರು ಹಕ್ಕು ಕೊಟ್ಟರು, ಇವಳ ಅಂಕ ನೋಡಿದ್ದೀರಾ ಎಂದೆ. ಲೋಟದ ನೀರು ಅಲುಗಿತು. ಅವರು ಕಪಾಟಿನಿಂದ ಒಂದು ಫೈಲು ತೆಗೆದು ನನ್ನ ಮುಂದೆ ಬಿಡಿಸಿದರು.

"ಸಿಟ್ಟ ಮಾಡಬ್ಯಾಡ್ರಿ ಅಕ್ಕೋರ. ಪ್ರತಿ ವರ್ಷ ಎಲ್ಲಾ ಹೈಸ್ಕೂಲಿಗೂ ನಾವು ಯಾದಿ ಕೇಳತೇವಿ, ಯಾವ ಹುಡಗರು ಯಾವ ಕಡೆ ಬರಾವ್ರು ಅಂತ. ಅರ್ಜಿಗೂ ಯಾದಿಗೂ ತಾಳ ಆಗಲಿಲ್ಲಂದ್ರ ಯಾದಿ ಬರೋಬರ ಅಂತ ಹಿಡಿತೇವಿ. ಯಾಕಂದ್ರ ಅದರ ಮ್ಯಾಲ ಕ್ಲಾಸ್ ಟೀಚರ ಸಹೀ ಇರತೈತಿ. ಇದ ನಿಮ್ಮ ಅಕ್ಷರ ಹೌದಲ್ರಿ?"

ನನ್ನ ಅಕ್ಷರ. ಮೇಲ್ಗಡೆ ಹುಡುಗರ ಹೆಸರು. ಒಬ್ಬೊಬ್ಬನ ಮುಂದೆ ಯೋಚಿಸಿ ಬರೆದದ್ದು: ವಿಜ್ಞಾನ, ವಾಣಿಜ್ಯ, ಐಟಿಐ, ಮತ್ತೆ ವಿಜ್ಞಾನ. ಕೆಳಗೆ ಹುಡುಗಿಯರ ಹೆಸರು. ಮೊದಲನೆಯವಳ ಮುಂದೆ "ಕಲಾ" ಎಂದು ಬರೆದಿದ್ದೆ. ಅದರ ಕೆಳಗೆ ಎರಡು ಸಣ್ಣ ಗೀಟು, ಮೇಲಿನದೇ ಎಂಬ ಅರ್ಥದ್ದು. ಅದರ ಕೆಳಗೆ ಮತ್ತೆ ಎರಡು ಗೀಟು. ಹನ್ನೆರಡು ಹೆಸರಿಗೆ ಒಂದೇ ಒಂದು ಶಬ್ದ ಖರ್ಚು ಮಾಡಿದ್ದೆ. ಒಂಬತ್ತನೆಯ ಹೆಸರು ಸಬೀನಾಳದು. ಕಾಗದದ ಮೂಲೆಯಲ್ಲಿ ಚಹಾ ಲೋಟದ ಕಂದು ಕಲೆ, ಕೆಳಗೆ ತಾರೀಖು. ಸುಪ್ರಿಯಾ ಬಂದ ದಿನದ್ದು. ಕಮಿಟಿಯವರನ್ನು ಬೈಯುತ್ತ ಬೈಯುತ್ತ ಎಳೆದ ಗೀಟುಗಳು ಅವು.

ಸಬೀನಾ ನನ್ನ ಭುಜದ ಹತ್ತಿರ ಬಗ್ಗಿ ನೋಡಿದಳು. "ಅಕ್ಕೋರ, ಇದ ನಿಮ್ಮ ಸಹೀ ಅಲ್ರಿ?"

ನಾನು ಆ ಸಹಿಯ ಮೇಲೆ ಅಂಗೈ ಇಟ್ಟೆ. ಕಾರಕೂನರೇ ನನ್ನ ಕಷ್ಟ ನೋಡಿ ಒಂದು ನಮೂನೆ ತೆಗೆದರು. ತಿದ್ದುಪಡಿ ಬರೆದುಕೊಟ್ಟರೆ ಪ್ರಾಚಾರ್ಯರ ಮುಂದಿಡುತ್ತೇನೆ, ಇನ್ನೂ ಒಂದೆರಡು ಜಾಗ ಇವೆ ಎಂದರು. ಅದರಲ್ಲಿ "ಕಾರಣ" ಎಂಬ ಒಂದು ಖಾನೆ. ನಾನು ಪೆನ್ನು ಹಿಡಿದು ಕೂತೆ.

"ನಜರಚೂಕ ಆಗೈತಿ ಅಂತ ಬರೀರಿ. ಎಲ್ಲಾರೂ ಹಂಗ ಬರಿತಾರ" ಎಂದರು.

ಕಣ್ತಪ್ಪಿ ಆದದ್ದಾಗಿದ್ದರೆ ಎಷ್ಟು ಚೆನ್ನಾಗಿತ್ತು. ಅಂಗೈ ಮೇಲೆ ಅವಳು ಬರೆದುಕೊಂಡದ್ದನ್ನು ಕಣ್ಣಾರೆ ಕಂಡಿದ್ದೆ. ಕಂಡು ಚಪ್ಪಾಳೆ ತಟ್ಟಿ, ಹೋಗಿ ಚಹಾ ಕುಡಿಯುತ್ತ ಗೀಟು ಎಳೆದಿದ್ದೆ. ಕಾರಣದ ಖಾನೆಯಲ್ಲಿ "ಹುಡುಗಿಯನ್ನು ಕೇಳದೆ ಬರೆದೆ" ಎಂದು ಬರೆದು ಸಹಿ ಮಾಡಿದೆ. "ಹಿಂಗ ಬರದ್ರ ನಿಮಗ ತ್ರಾಸ ಆಕ್ಕೇತ್ರಿ" ಎಂದರು ಅವರು. ಆಗಲಿ ಎಂದೆ.

ಮಧ್ಯಾಹ್ನ ಮೂರರ ಹೊತ್ತಿಗೆ ಸಬೀನಾಳಿಗೆ ವಿಜ್ಞಾನದ ಚೀಟಿ ಸಿಕ್ಕಿತು. ಅವಳು ಅದನ್ನು ಎರಡು ಸಲ ಓದಿ, ನಾಲ್ಕು ಮಡಿಕೆ ಮಾಡಿ ಕಂಪಾಸ್ ಪೆಟ್ಟಿಗೆಯಲ್ಲಿಟ್ಟುಕೊಂಡಳು. ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತಳು, ಆದರೆ ಮುಖ ಕಿಟಕಿಯ ಕಡೆಗಿತ್ತು. ಅವಳು ವಿಮಾನ ನಡೆಸುತ್ತಾಳೋ ಬಿಡುತ್ತಾಳೋ ನನಗೆ ಗೊತ್ತಿಲ್ಲ. ಬಾಗಿಲವರೆಗೆ ಹೋಗಬಹುದು, ಅಷ್ಟು ಮಾತ್ರ ಗೊತ್ತು. ಆದರೆ ಕಾರಕೂನರು ಆ ಫೈಲು ಮುಚ್ಚುವಾಗ ಅದರ ಕೆಳಗೆ ಹಳೆಯ ವರ್ಷಗಳ ಯಾದಿಗಳು ಟಾಚಣಿ ಚುಚ್ಚಿಕೊಂಡು ಮಲಗಿದ್ದನ್ನು ನಾನು ನೋಡಿದೆ. ಎಲ್ಲದರ ಮೇಲೂ ನನ್ನದೇ ಅಕ್ಷರ, ಒಂದು ಶಬ್ದ, ಕೆಳಗೆ ಗೀಟು, ಗೀಟು, ಗೀಟು. ಬೆಳಕಿನ ಪಾಠಕ್ಕೆ ತಾನೇ ಭೂತಗನ್ನಡಿ ಮಾಡಿ ತಂದಿದ್ದ ಸುನಂದಾ ಈಗ ನಿಪ್ಪಾಣಿಯಲ್ಲಿ ಬೀಡಿ ಕಟ್ಟುತ್ತಾಳೆ. ಬಾಯಿಲೆಕ್ಕದಲ್ಲಿ ನನ್ನನ್ನೇ ಸೋಲಿಸುತ್ತಿದ್ದ ರೇಷ್ಮಾ ರಾಯಬಾಗದಲ್ಲಿ ಸೀರೆಗೆ ಫಾಲ್ ಹಚ್ಚುತ್ತಾಳೆ. ಕೆಲಸ ಯಾವುದೂ ಕೀಳಲ್ಲ, ಆ ಮಾತು ನನಗೆ ಹೇಳಬೇಡಿ. ಅವರಿಗೆ ಏನು ಬೇಕಾಗಿತ್ತೆಂದು ನಾನು ಕೇಳಿರಲಿಲ್ಲ, ನನ್ನ ಮಾತು ಅಷ್ಟೇ. ಅವರ ಕಾರಣದ ಖಾನೆಯನ್ನು ಈಗ ಎಲ್ಲಿ ಹೋಗಿ ತುಂಬಲಿ?

ಗಂಗವ್ವನಿಗೆ ಇದನ್ನೆಲ್ಲ ಹೇಗೆ ಹೇಳುವುದು? ಬಡಿಗೇರನಿಗೆ ಹೇಳಿ ಕಳಿಸಿದ್ದೇನೆ, ಬಂದು ಮೂರು ಮೆಟ್ಟಿಲು ಹೊಸದಾಗಿ ಬಡಿದುಕೊಡು ಎಂದು. ನಲವತ್ತೈದು ವರ್ಷ ಈ ನಿಚ್ಚಣಿಕೆಯನ್ನು ಅವ್ವನ ತಪ್ಪಿನ ಸಾಕ್ಷಿ ಎಂದೇ ತಿಳಿದಿದ್ದೆ. ಈಗ ನೋಡಿದರೆ ಅವ್ವ ನನಗಿಂತ ಪ್ರಾಮಾಣಿಕಳು ಅನಿಸುತ್ತದೆ. ಅವಳು ತೆಗೆದಿಟ್ಟದ್ದು ನನ್ನ ಕಣ್ಣೆದುರಿಗೆ. ನಾನು ಚೀರಿದೆ, ಉಣ್ಣದೆ ಕೂತೆ, ಯಾರನ್ನು ಬೈಯಬೇಕೆಂದು ನನಗೆ ಗೊತ್ತಿತ್ತು. ನನ್ನ ಹುಡುಗಿಯರಿಗೆ ಗೋಡೆಗೆ ಒಂದು ನಿಚ್ಚಣಿಕೆ ಇತ್ತೆಂಬುದೇ ಗೊತ್ತಾಗಲಿಲ್ಲ. ಅವರು ಯಾರನ್ನೂ ಬೈಯಲಿಲ್ಲ. ಪ್ರತಿ ವರ್ಷ ಬೀಳ್ಕೊಡುಗೆಯ ದಿನ ಸಾಲಾಗಿ ಬಂದು, ನನ್ನ ಕಾಲು ಮುಟ್ಟಿ ನಮಸ್ಕರಿಸಿ ಹೋದರು.